ಮುರಿದ ಸೊಂಟ, ಖಾಲಿಯಾದ ಖನಿಜ: ಗೆಲ್ಲುವ ಆರ್ಥೋ ಡಾಕ್ಟರ್‌ಗೆ 12 ಸೂತ್ರಗಳು

ಎಪ್ಪತ್ತು ದಾಟಿದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಒಂದು ಕಾಲು ಗಿಡ್ಡವಾಗಿದೆ, ಪಾದ ಹೊರಗಡೆ ವಾಲಿದೆ. ಎಕ್ಸ್-ರೇ ಬರುವ ಮೊದಲೇ ನಿಮಗೆ ಗೊತ್ತು, ಇದು ಹಿಪ್ ಫ್ರ್ಯಾಕ್ಚರ್. ಅದೇ ಸ್ಟ್ರೆಚರ್ ಮೇಲೆ ಎಕ್ಸ್-ರೇಯಲ್ಲಿ ಕಾಣದ ಇನ್ನೊಂದು ಕಾಯಿಲೆಯೂ ಇರಬಹುದು. ವರ್ಷಗಟ್ಟಲೆ ಟೀ-ಬನ್ನು, ತಿಳಿಸಾರು-ಅನ್ನದಲ್ಲೇ ದಿನ ದೂಡಿದ ದೇಹದಲ್ಲಿ ಜಿಂಕ್, ತಾಮ್ರ, ಕಬ್ಬಿಣ, ಸೆಲೆನಿಯಮ್‌ನಂಥ ಸೂಕ್ಷ್ಮ ಖನಿಜಗಳ ದಾಸ್ತಾನು ತಳ ಮುಟ್ಟಿರುತ್ತದೆ.

ನೀವು ಆರ್ಥೋ ಪಿಜಿ ಇರಬಹುದು, ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರ್ ಇರಬಹುದು. ಸ್ಟಾಫ್ ನರ್ಸ್, ಫಿಸಿಯೋ, ಡಯಟೀಷಿಯನ್ ಕೂಡ ಇರಬಹುದು. ಇಂಥ ಕೇಸ್ ಗೆಲ್ಲುವವರು ಒಂದು ನಿಯಮವನ್ನು ಬಿಗಿಯಾಗಿ ಹಿಡಿದಿರುತ್ತಾರೆ: ಖನಿಜಕ್ಕಾಗಿ ಆಪರೇಷನ್ ಕಾಯಬಾರದು, ಆಪರೇಷನ್ ಮುಗಿಯಿತೆಂದು ಖನಿಜವನ್ನು ಮರೆಯಬಾರದು. ಅದನ್ನು ವಾರ್ಡಿನಲ್ಲಿ ಜಾರಿಗೆ ತರುವ 12 ಸೂತ್ರಗಳು ಇಲ್ಲಿವೆ.

1. ಗೆಲುವು ಅಂದರೆ ಏನೆಂದು ಮೊದಲ ದಿನವೇ ಬರೆಯಿರಿ

ಕೇಸ್ ಶೀಟ್‌ನ ಮೊದಲ ಪುಟದಲ್ಲಿ ಒಂದು ಪ್ರಶ್ನೆಗೆ ಉತ್ತರ ಇರಲಿ: ಬೀಳುವ ಮುಂಚೆ ಇವರು ಹೇಗೆ ಓಡಾಡುತ್ತಿದ್ದರು? ಅಂಗಡಿಗೆ ಒಬ್ಬರೇ ಹೋಗುತ್ತಿದ್ದರಾ? ಕೋಲು ಹಿಡಿಯುತ್ತಿದ್ದರಾ? ಗೋಡೆ ಹಿಡಿದು ಬಚ್ಚಲಿಗೆ ಮಾತ್ರ ಹೋಗುತ್ತಿದ್ದರಾ? ನಿಮ್ಮ ಗುರಿ ಅದೇ ಓಡಾಟವನ್ನು ಅವರಿಗೆ ವಾಪಸ್ ಕೊಡಿಸುವುದು. ಸುಂದರವಾದ ಪೋಸ್ಟ್-ಆಪ್ ಎಕ್ಸ್-ರೇ ಆ ದಾರಿಯ ಒಂದು ಸ್ಟಾಪ್ ಅಷ್ಟೇ.

ಕಾರಣ ಸರಳ. ಹಿಪ್ ಫ್ರ್ಯಾಕ್ಚರ್ ಆದ ವೃದ್ಧರಲ್ಲಿ ಶೇ. 20ರಿಂದ 30ರಷ್ಟು ಜನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲೂ ಬಹಳ ಮಂದಿ ಮೊದಲಿನ ನಡಿಗೆಗೆ ಮರಳುವುದಿಲ್ಲ. ಇವರನ್ನು ಸೋಲಿಸುವುದು ಹೆಚ್ಚಾಗಿ ನ್ಯುಮೋನಿಯಾ, ಸೋಂಕು, ಹೃದಯದ ತೊಂದರೆ, ಬೆಡ್ ಸೋರ್ ಮತ್ತು ಊಟ ಸೇರದ ನಿಶ್ಶಕ್ತಿ. ಗುರಿ ದೊಡ್ಡದಾಗಿ ಬರೆದಿದ್ದರೆ ಈ ಐದರ ಮೇಲೂ ನಿಮ್ಮ ಕಣ್ಣಿರುತ್ತದೆ.

2. ಅಡ್ಮಿಷನ್ ಆದ ಗಳಿಗೆಯಿಂದ ಗಡಿಯಾರ ನೋಡಿ

36ರಿಂದ 48 ಗಂಟೆಯೊಳಗೆ ಆಪರೇಷನ್ ಮುಗಿಸುವ ಪ್ಲಾನ್ ಮಾಡಿ. ಇದನ್ನು ಸೀನಿಯರ್ ಹೇಳಲಿ ಎಂದು ಕಾಯಬೇಡಿ. ರಕ್ತದ ರಿಪೋರ್ಟ್, ಇಸಿಜಿ, ಅನಸ್ತೇಷಿಯಾ ರೆಫರೆನ್ಸ್, ಆಯುಷ್ಮಾನ್ ಕಾರ್ಡಿನ ಅಪ್ರೂವಲ್ ಎಲ್ಲವನ್ನೂ ಒಟ್ಟಿಗೆ ಓಡಿಸಿ. ಒಂದು ಮುಗಿದ ಮೇಲೆ ಇನ್ನೊಂದು ಶುರು ಮಾಡಿದರೆ ಎರಡು ದಿನ ಹಾಗೇ ಹೋಗುತ್ತದೆ.

2020ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ 17 ದೇಶಗಳ 2,970 ರೋಗಿಗಳಿದ್ದರು. ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್ ಆಯಿತು. ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಆದರೆ ಬೇಗ ಆಪರೇಷನ್ ಆದವರಲ್ಲಿ ಡೆಲಿರಿಯಮ್ ಕಡಿಮೆ ಇತ್ತು, ಅವರು ಬೇಗ ಎದ್ದು ನಿಂತರು.

ಜಿಂಕ್ ರಿಪೋರ್ಟ್ ಹೊರಗಿನ ಲ್ಯಾಬ್‌ನಿಂದ ಬರಲು ದಿನಗಳು ಬೇಕು. ಅದಕ್ಕಾಗಿ ಆಪರೇಷನ್ ಮುಂದೂಡಬೇಡಿ. ನಿಲ್ಲಿಸಿ ಸರಿಮಾಡಬೇಕಾದ ಸಂಗತಿಗಳು ಬೇರೆ: ತೀವ್ರ ಅನೀಮಿಯಾ, ಏರುಪೇರಾದ ಪೊಟ್ಯಾಷಿಯಮ್ ಮತ್ತು ಸೋಡಿಯಮ್, ಹಿಡಿತಕ್ಕೆ ಬಾರದ ಸಕ್ಕರೆ, ಹಾರ್ಟ್ ಫೇಲ್ಯೂರ್, ರಕ್ತ ತೆಳು ಮಾಡುವ ಮಾತ್ರೆಯ ಪರಿಣಾಮ. ಇವನ್ನೂ ಗಂಟೆಗಳ ಲೆಕ್ಕದಲ್ಲಿ ಸರಿಮಾಡಿ.

3. ನೋವನ್ನು ಕ್ಯಾಷುವಾಲ್ಟಿಯಲ್ಲೇ ಇಳಿಸಿ

ಫ್ಯಾಷಿಯಾ ಇಲಿಯಾಕಾ ಬ್ಲಾಕ್ ಕಲಿಯಿರಿ. ತೊಡೆಸಂದಿನ ಬಳಿ ಕೊಡುವ ಈ ಒಂದು ಇಂಜೆಕ್ಷನ್ ಗಂಟೆಗಟ್ಟಲೆ ನೋವು ಇಳಿಸುತ್ತದೆ, ಮಾರ್ಫಿನ್ ಜಾತಿಯ ಔಷಧಿಯ ಅಗತ್ಯವನ್ನೂ ತಗ್ಗಿಸುತ್ತದೆ. ನೋವಿರುವ ಅಜ್ಜಿ ಊಟ ಮಾಡುವುದಿಲ್ಲ, ನಿದ್ದೆ ಮಾಡುವುದಿಲ್ಲ, ಗೊಂದಲಕ್ಕೆ ಬೀಳುತ್ತಾರೆ. ಕೊರತೆ ಇರುವ ದೇಹಕ್ಕೆ ಒಂದು ಊಟ ತಪ್ಪುವುದೂ ನಷ್ಟವೇ.

ಕಾಲಿಗೆ ಇಟ್ಟಿಗೆ ಕಟ್ಟಿ ಟ್ರ್ಯಾಕ್ಷನ್ ಹಾಕುವ ಹಳೇ ರೂಢಿಯನ್ನು ಪ್ರಶ್ನಿಸಿ. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಟ್ರ್ಯಾಕ್ಷನ್ ಹಾಕುವುದರಿಂದ ಲಾಭವಿದೆ ಎನ್ನಲು ಪುರಾವೆ ಸಿಕ್ಕಿಲ್ಲ. ತೆಳುವಾದ ಚರ್ಮಕ್ಕೆ ಪಟ್ಟಿ ಒತ್ತಿದರೆ ಗುಳ್ಳೆ ಏಳುತ್ತದೆ. ಜಿಂಕ್ ಕಡಿಮೆ ಇರುವವರಲ್ಲಿ ಆ ಗಾಯ ಬೇಗ ಮಾಯುವುದೂ ಇಲ್ಲ.

4. ಮನೆಯವರ ಜೊತೆ ಕೂತು ಮಾತಾಡಿ

"ಈ ವಯಸ್ಸಲ್ಲಿ ಆಪರೇಷನ್ ಬೇಕಾ ಡಾಕ್ಟ್ರೇ? ಪುತ್ತೂರು ಕಟ್ಟು ಹಾಕಿಸಿದ್ರೆ ಆಗಲ್ವಾ?" ಈ ಪ್ರಶ್ನೆ ಬಂದೇ ಬರುತ್ತದೆ. ಸಿಡುಕಬೇಡಿ, ನಗಬೇಡಿ. ಹೀಗೆ ಹೇಳಿ: "ವಯಸ್ಸಾಗಿದೆ ಅಂತಲೇ ಆಪರೇಷನ್ ಬೇಕಮ್ಮ. ಮಲಗಿಸಿಬಿಟ್ಟರೆ ಬೆನ್ನಲ್ಲಿ ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟುತ್ತೆ. ನಾಳಿದ್ದು ಎಬ್ಬಿಸಿ ನಿಲ್ಲಿಸೋದಕ್ಕೇ ಈ ಆಪರೇಷನ್."

ಕಟ್ಟು ಯಾಕೆ ಸಾಲದೆಂದು ನೀವು ತಿಳಿದಿರಬೇಕು. ತೊಡೆಮೂಳೆಯ ಕತ್ತು ಕೀಲಿನ ಚೀಲದೊಳಗೆ ಇದೆ. ಅಲ್ಲಿ ಹೊಸ ಮೂಳೆ ಹುಟ್ಟಿಸುವ ಪೊರೆ ಇಲ್ಲವೆನ್ನುವಷ್ಟು ಕಡಿಮೆ. ಮೂಳೆಯ ತಲೆಗೆ ರಕ್ತ ತರುವ ಮೀಡಿಯಲ್ ಸರ್ಕಮ್‌ಫ್ಲೆಕ್ಸ್ ಅಪಧಮನಿಯ ಕವಲುಗಳು ಮುರಿತದ ಜೊತೆಗೇ ಹರಿಯಬಹುದು. ಮುಂಗೈ ಮೂಳೆಗೆ ಕೆಲಸ ಮಾಡುವ ಕಟ್ಟು ಇಲ್ಲಿ ಕೆಲಸ ಮಾಡದಿರುವುದು ಅದಕ್ಕೇ. ಎರಡು ನಿಮಿಷದಲ್ಲಿ ಚಿತ್ರ ಬರೆದು ತೋರಿಸಿ. ನಂಬಿಕೆ ಬಂದ ಮನೆಯವರು ನಾಳೆ ಚಮಚ ಹಿಡಿದು ನಿಮ್ಮ ಟೀಮ್‌ಗೂ ಸೇರುತ್ತಾರೆ.

5. ದೇಹದ ಬಲ ನೋಡಿ ಇಂಪ್ಲಾಂಟ್ ಆರಿಸಿ

ಮೂರು ಪ್ರಶ್ನೆ ಕೇಳಿಕೊಳ್ಳಿ. ಮುರಿತ ಕೀಲಿನ ಚೀಲದ ಒಳಗಾ, ಹೊರಗಾ? ಸರಿದಿದೆಯಾ? ಈ ದೇಹ ಮೂಳೆ ಕೂಡಿಸಬಲ್ಲದಾ?

ಕತ್ತು ಮುರಿದು ಸರಿದಿದ್ದರೆ, ರೋಗಿ ವೃದ್ಧರಾಗಿದ್ದರೆ, ಹೆಮಿ ಅಥವಾ ಟೋಟಲ್ ಹಿಪ್ ರಿಪ್ಲೇಸ್‌ಮೆಂಟ್ ಮಾಡಿ. ಈ ಆಪರೇಷನ್ನಿನ ಯಶಸ್ಸು ಮೂಳೆ ಕೂಡುವುದರ ಮೇಲೆ ನಿಂತಿಲ್ಲ. ಖನಿಜ ಖಾಲಿಯಾದ ದೇಹಕ್ಕೆ ಇದು ದೊಡ್ಡ ಅನುಕೂಲ. ಟೊಳ್ಳಾದ ಮೂಳೆಯಲ್ಲಿ ಸಿಮೆಂಟ್ ಹಾಕಿದ ಸ್ಟೆಮ್ ಬಳಸಿ. 2022ರಲ್ಲಿ ಬಂದ ಬ್ರಿಟನ್ನಿನ ವೈಟ್-5 ಅಧ್ಯಯನದಲ್ಲಿ ಸಿಮೆಂಟ್ ಹಾಕಿದವರ ಜೀವನಮಟ್ಟ ಚೆನ್ನಾಗಿತ್ತು, ಸ್ಟೆಮ್ ಸುತ್ತಲಿನ ಮೂಳೆ ಮತ್ತೆ ಮುರಿಯುವುದೂ ಕಡಿಮೆಯಿತ್ತು. ಸಿಮೆಂಟ್ ತುಂಬುವ ಮುನ್ನ ಅನಸ್ತೇಟಿಸ್ಟ್‌ಗೆ ಬಾಯಿಬಿಟ್ಟು ಹೇಳಿ, ಆ ಕ್ಷಣದಲ್ಲಿ ಬಿಪಿ ಕುಸಿಯಬಹುದು.

ಟ್ರೊಕಾಂಟರ್ ಭಾಗದ ಮುರಿತಕ್ಕೆ ರಕ್ತ ಪೂರೈಕೆ ಚೆನ್ನಾಗಿದೆ, ಸಾಮಾನ್ಯವಾಗಿ ಕೂಡುತ್ತದೆ. ಸ್ಥಿರವಾಗಿದ್ದರೆ ಡಿಎಚ್‌ಎಸ್, ಅಸ್ಥಿರವಾಗಿದ್ದರೆ ಅಥವಾ ರಿವರ್ಸ್ ಆಬ್ಲಿಕ್ ಆಗಿದ್ದರೆ ಪಿಎಫ್‌ಎನ್. ರಿಡಕ್ಷನ್ ಸರಿಯಾಗುವವರೆಗೆ ಡ್ರಿಲ್ ಮುಟ್ಟಬೇಡಿ. ಟಿಪ್-ಏಪೆಕ್ಸ್ ದೂರ 25 ಮಿಲಿಮೀಟರ್‌ಗಿಂತ ಕಡಿಮೆ ಇರಲಿ. 1995ರಲ್ಲಿ ಬಾಮ್‌ಗಾರ್ಟ್ನರ್ ಮತ್ತು ಸಂಗಡಿಗರು ಕೊಟ್ಟ ಈ ಅಳತೆ ಇಂದಿಗೂ ಸ್ಕ್ರೂ ಕೊರೆದು ಹೊರಬರುವ ಅಪಾಯವನ್ನು ಮುಂಚಿತವಾಗಿ ಹೇಳುತ್ತದೆ. ಸ್ಕ್ರೂ ತಪ್ಪು ಜಾಗದಲ್ಲಿ ಕೂತಿದ್ದರೆ ಜಿಂಕ್ ಮಾತ್ರೆ ಅದನ್ನು ಉಳಿಸುವುದಿಲ್ಲ.

ತಾರಸಿ ಹಾಕುವಾಗ ಹೊಡೆಯುವ ಸೆಂಟ್ರಿಂಗ್ ಇದ್ದಹಾಗೆ ಈ ಪಿಎಫ್‌ಎನ್ ನೇಲ್. ಭಾರ ಹೊತ್ತು ನಿಲ್ಲುತ್ತದೆ ನಿಜ, ಆದರೆ ಮೇಲಿನ ಕಾಂಕ್ರೀಟ್ ಗಟ್ಟಿಯಾಗದಿದ್ದರೆ ಒಂದಲ್ಲ ಒಂದು ದಿನ ಅದೂ ಬಾಗುತ್ತದೆ. ಕಾಂಕ್ರೀಟ್ ಗಟ್ಟಿಮಾಡುವ ಕೆಲಸ ಮುಂದಿನ ಸೂತ್ರಗಳಲ್ಲಿದೆ.

6. ಯಾವ ಖನಿಜ ಏನು ಮಾಡುತ್ತದೆ ಎಂದು ಬಾಯಿಪಾಠ ಮಾಡಿ

ಜಿಂಕ್: ಮೂಳೆಗೆ ಖನಿಜ ತುಂಬಲು ನೆರವಾಗುವ ಆಲ್ಕಲೈನ್ ಫಾಸ್ಫಟೇಸ್‌ಗೆ ಬೇಕು. ಜೀವಕೋಶ ವಿಭಜನೆ, ಗಾಯ ಮಾಯುವಿಕೆ, ರೋಗನಿರೋಧಕ ಶಕ್ತಿ, ನಾಲಿಗೆಯ ರುಚಿ ಎಲ್ಲಕ್ಕೂ ಬೇಕು.

ತಾಮ್ರ: ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ನಡೆಸುತ್ತದೆ. ಈ ಕಿಣ್ವ ಕೊಲ್ಯಾಜನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಹೆಣಿಗೆ ಸಡಿಲವಾದರೆ ಮೂಳೆ ಸಡಿಲ.

ಕಬ್ಬಿಣ: ಹಿಮೋಗ್ಲೋಬಿನ್ ಮಾತ್ರವಲ್ಲ, ಕೊಲ್ಯಾಜನ್ ತಯಾರಿಗೂ ವಿಟಮಿನ್ ಸಿ ಜೊತೆ ಸೇರಿ ಬೇಕು.

ಮ್ಯಾಂಗನೀಸ್: ಮೃದ್ವಸ್ಥಿಯ ಪ್ರೋಟಿಯೊಗ್ಲೈಕಾನ್ ಕಟ್ಟುವ ಕಿಣ್ವಗಳಿಗೆ ಬೇಕು.

ಸೆಲೆನಿಯಮ್: ಗ್ಲುಟಾಥಯೋನ್ ಪೆರಾಕ್ಸಿಡೇಸ್ ಮೂಲಕ ಜೀವಕೋಶಗಳನ್ನು ಕಾಯುತ್ತದೆ, ಥೈರಾಯ್ಡ್ ಹಾರ್ಮೋನ್‌ಗೂ ಬೇಕು.

ಮೆಗ್ನೀಷಿಯಮ್ ಸೂಕ್ಷ್ಮ ಖನಿಜಗಳ ಪಟ್ಟಿಗೆ ಸೇರದು, ದೇಹಕ್ಕೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು. ಆದರೂ ಮೊದಲ ದಿನವೇ ಅದನ್ನು ಅಳೆಯಿರಿ. ಅದು ತೀರಾ ಇಳಿದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಕೈಕೊಡುತ್ತದೆ, ಎಷ್ಟು ಕ್ಯಾಲ್ಸಿಯಮ್ ಕೊಟ್ಟರೂ ಏರುವುದಿಲ್ಲ, ಹೃದಯದ ಲಯ ತಪ್ಪಬಹುದು. ಪ್ರತಿ ಖನಿಜದ ಕೆಲಸ ಗೊತ್ತಿದ್ದವರಿಗೆ ಕೊರತೆಯ ಲಕ್ಷಣ ಕಣ್ಣಿಗೆ ಬೀಳುತ್ತದೆ. ಗೊತ್ತಿಲ್ಲದವರು ಎಲ್ಲಕ್ಕೂ ಒಂದೇ ಮಲ್ಟಿವಿಟಮಿನ್ ಬರೆದು ಕೈ ತೊಳೆದುಕೊಳ್ಳುತ್ತಾರೆ.

7. ಲ್ಯಾಬ್‌ಗಿಂತ ಮೊದಲು ಅಡುಗೆಮನೆಯನ್ನು ವಿಚಾರಿಸಿ

ಏಳು ಪ್ರಶ್ನೆ ಸಾಕು. ನಿನ್ನೆ ಏನೇನು ತಿಂದಿರಿ? ಹಲ್ಲಿದೆಯಾ? ನಾಲಿಗೆಗೆ ರುಚಿ ಇದೆಯಾ? ತೂಕ ಇಳಿದಿದೆಯಾ? ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ? ಬಿಪಿಗೆ ಮೂತ್ರ ಹೋಗುವ ಮಾತ್ರೆ ಇದೆಯಾ? ಕುಡಿತ, ಹಳೇ ಭೇದಿ, ಹೊಟ್ಟೆಯ ಆಪರೇಷನ್ ಏನಾದರೂ?

ಪ್ರತಿ ಪ್ರಶ್ನೆಗೂ ಕಾರಣವಿದೆ. ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆ ದೀರ್ಘಕಾಲ ತಿಂದರೆ ಮೆಗ್ನೀಷಿಯಮ್ ಇಳಿಯಬಹುದೆಂದು ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಥಯಜೈಡ್ ಮಾತ್ರೆ ಮೂತ್ರದಲ್ಲಿ ಜಿಂಕ್ ಕಳೆಯುತ್ತದೆ. ಕುಡಿತ ಜಿಂಕ್, ಮೆಗ್ನೀಷಿಯಮ್ ಎರಡನ್ನೂ ಕಳೆಯುತ್ತದೆ. ಹಲ್ಲಿಲ್ಲದವರು ಮಾಂಸ, ಕಾಳು, ಕಡಲೇಕಾಯಿ ಬಿಟ್ಟು ಮೆತ್ತಗಿನ ಅನ್ನಕ್ಕೆ ಇಳಿದಿರುತ್ತಾರೆ.

ಊರನ್ನೂ ಕೇಳಿ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಜೊತೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳಿಗೆ ಜಿಂಕ್, ಬೋರಾನ್, ಗಂಧಕ ಕೊಡಬೇಕಾಗಿ ಬಂತು, ಮಣ್ಣಿನಲ್ಲೇ ಅವುಗಳ ಕೊರತೆ ಇತ್ತು. ಬಡ ಮಣ್ಣಿನ ಕಾಳಿನಲ್ಲಿ ಜಿಂಕ್ ಕೂಡ ಬಡವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆಯ ಬೋರ್‌ವೆಲ್ ನೀರು ಕುಡಿದವರಾದರೆ ಫ್ಲೋರೈಡ್ ನೆನಪಿರಲಿ. ಅಂಥ ಮೂಳೆ ಎಕ್ಸ್-ರೇಯಲ್ಲಿ ಬೆಳ್ಳಗೆ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಪೆಡಸಾಗಿರುತ್ತದೆ. ಹೈದರಾಬಾದ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಆಂಧ್ರದ ಫ್ಲೋರೋಸಿಸ್ ಪ್ರದೇಶದಲ್ಲಿ ಮಂಡಿ ಒಳಬಾಗಿದ, ಮೂಳೆ ಟೊಳ್ಳಾದ ರೋಗಿಗಳನ್ನು ವರದಿ ಮಾಡಿದರು. ಮುಂದಿನ ಸಂಶೋಧನೆ ಜೋಳದಲ್ಲಿನ ಮಾಲಿಬ್ಡಿನಮ್ ಮತ್ತು ತಾಮ್ರದ ಏರುಪೇರಿನತ್ತ ಬೆರಳು ಮಾಡಿತು. ಒಂದು ಖನಿಜ ಹೆಚ್ಚಾದರೆ ಇನ್ನೊಂದು ಕೆಡುತ್ತದೆ. ಈ ಪಾಠ ಹತ್ತನೇ ಸೂತ್ರದಲ್ಲಿ ಮತ್ತೆ ಬೇಕಾಗುತ್ತದೆ.

8. ರಿಪೋರ್ಟ್ ಓದುವಾಗ ಪಕ್ಕದಲ್ಲಿ ಸಿಆರ್‌ಪಿ ಇಟ್ಟುಕೊಳ್ಳಿ

ಮೂಳೆ ಮುರಿದ ದೇಹ ಉರಿಯೂತದಲ್ಲಿರುತ್ತದೆ. ಇಂಟರ್‌ಲ್ಯೂಕಿನ್-6 ಸೂಚನೆ ಕೊಟ್ಟೊಡನೆ ಯಕೃತ್ತು ರಕ್ತದ ಜಿಂಕನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಕೊರತೆ ಇಲ್ಲದವರಲ್ಲೂ ಸೀರಮ್ ಜಿಂಕ್ ಕಡಿಮೆ ಬರಬಹುದು. ಸೆಲೆನಿಯಮ್ ಕೂಡ ಇಳಿಯುತ್ತದೆ. ತಾಮ್ರದ್ದು ಉಲ್ಟಾ: ಅದನ್ನು ಹೊತ್ತೊಯ್ಯುವ ಸೆರುಲೋಪ್ಲಾಸ್ಮಿನ್ ಉರಿಯೂತದಲ್ಲಿ ಏರುವುದರಿಂದ ನಿಜವಾದ ಕೊರತೆ ಮುಚ್ಚಿಹೋಗಬಹುದು. ಫೆರಿಟಿನ್ ಕೂಡ ಹೀಗೇ ಏರಿ ಕಬ್ಬಿಣದ ಕೊರತೆಯನ್ನು ಮುಚ್ಚುತ್ತದೆ.

ಏನು ಮಾಡಬೇಕು? ಒಂದು: ಖನಿಜದ ಪ್ರತಿ ಟೆಸ್ಟ್ ಜೊತೆ ಸಿಆರ್‌ಪಿ, ಆಲ್ಬುಮಿನ್ ಕಳಿಸಿ. ಎರಡು: ಸೂಕ್ಷ್ಮ ಖನಿಜಕ್ಕೆಂದೇ ಇರುವ ಟ್ಯೂಬ್ ಬಳಸಿ. ಸ್ಯಾಂಪಲ್ ಹಿಮೋಲೈಸ್ ಆದರೆ ಕೆಂಪು ಕಣದೊಳಗಿನ ಜಿಂಕ್ ಸೋರಿ ಅಂಕಿ ಸುಳ್ಳಾಗಿ ಏರುತ್ತದೆ. ಮೂರು: ಫೆರಿಟಿನ್ 100ಕ್ಕಿಂತ ಕಡಿಮೆ, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಉರಿಯೂತದ ನಡುವೆಯೂ ಕಬ್ಬಿಣದ ಕೊರತೆಯನ್ನು ಶಂಕಿಸಿ. ನಾಲ್ಕು: ಸಿಆರ್‌ಪಿ ಇಳಿದ ಮೇಲೆ, ಸುಮಾರು ಆರು ವಾರಕ್ಕೆ, ಜಿಂಕ್ ಮತ್ತು ತಾಮ್ರ ಮತ್ತೆ ನೋಡಿ.

ಮೊದಲ ರಿಪೋರ್ಟ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಊಟದ ಹಿಸ್ಟರಿ, ಲಕ್ಷಣ, ಅಂಕಿ ಮೂರೂ ಒಂದೇ ಕಡೆ ಬೆರಳು ಮಾಡಿದಾಗ ಚಿಕಿತ್ಸೆ ಶುರು ಮಾಡಿ.

9. ಕೊರತೆಗಳನ್ನು ಗುಂಪಾಗಿ ಹಿಡಿಯಿರಿ

ಜಿಂಕ್ ಕಡಿಮೆ ಇರುವವರಲ್ಲಿ ಅದೊಂದೇ ಕಡಿಮೆ ಇರುವುದು ಅಪರೂಪ. ಕ್ಯಾಲ್ಸಿಯಮ್, ಫಾಸ್ಫರಸ್, ಮೆಗ್ನೀಷಿಯಮ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಪಿಟಿಎಚ್, ಬಿ12, ಕ್ರಿಯಾಟಿನಿನ್, ಥೈರಾಯ್ಡ್ ಇಷ್ಟನ್ನೂ ಒಂದೇ ಸಲ ಕಳಿಸಿ. ಮೂಳೆ ಮೆದುವಾಗಿರುವ ಎಲ್ಲರಿಗೂ ಆಸ್ಟಿಯೊಪೊರೋಸಿಸ್ ಎಂದು ಬರೆಯಬೇಡಿ. ಆಲ್ಕಲೈನ್ ಫಾಸ್ಫಟೇಸ್ ಏರಿ, ಫಾಸ್ಫರಸ್ ಇಳಿದು, ಎಕ್ಸ್-ರೇಯಲ್ಲಿ ಲೂಸರ್ ಗೆರೆ ಕಂಡರೆ ಅದು ಆಸ್ಟಿಯೊಮಲೇಷಿಯಾ. ಅದರ ಚಿಕಿತ್ಸೆ ಬೇರೆ.

ಹಿಮೋಗ್ಲೋಬಿನ್ ವಿಷಯದಲ್ಲಿ ಭಯಕ್ಕೆ ರಕ್ತ ಏರಿಸಬೇಡಿ. 2011ರ ಫೋಕಸ್ ಅಧ್ಯಯನ ಹೃದ್ರೋಗದ ಅಪಾಯವಿರುವ 2,016 ಹಿಪ್ ರೋಗಿಗಳಲ್ಲಿ ಆಪರೇಷನ್ ನಂತರ 10 ಗ್ರಾಂಗೆ ರಕ್ತ ಕೊಡುವುದನ್ನೂ, 8 ಗ್ರಾಂಗೆ ಅಥವಾ ಲಕ್ಷಣ ಕಂಡಾಗ ಕೊಡುವುದನ್ನೂ ಹೋಲಿಸಿತು. ಫಲಿತಾಂಶದಲ್ಲಿ ವ್ಯತ್ಯಾಸ ಇರಲಿಲ್ಲ.

ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಊಟ ಸುರಿಯಬೇಡಿ. ಫಾಸ್ಫೇಟ್, ಪೊಟ್ಯಾಷಿಯಮ್, ಮೆಗ್ನೀಷಿಯಮ್ ಕುಸಿದು ರೀಫೀಡಿಂಗ್ ಸಿಂಡ್ರೋಮ್ ಬರಬಹುದು. ಮೊದಲು ಥಯಮಿನ್ ಕೊಡಿ, ನಿಧಾನವಾಗಿ ಶುರು ಮಾಡಿ, ಮೊದಲ ದಿನಗಳಲ್ಲಿ ಎಲೆಕ್ಟ್ರೋಲೈಟ್ ನೋಡುತ್ತಿರಿ.

10. ಮಾತ್ರೆ ಕೊಡಿ, ನಿಲ್ಲಿಸುವ ತಾರೀಖನ್ನೂ ಬರೆಯಿರಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ ದಿನಕ್ಕೆ ಗಂಡಸಿಗೆ 17, ಹೆಂಗಸಿಗೆ 13.2 ಮಿಲಿಗ್ರಾಂ ಜಿಂಕ್ ಬೇಕು. ವಯಸ್ಕರಿಗೆ ಸುರಕ್ಷಿತ ಮೇಲ್ಮಿತಿ ಸಾಮಾನ್ಯವಾಗಿ 40 ಮಿಲಿಗ್ರಾಂ. ಸ್ಟ್ರಿಪ್ ಮೇಲಿನ ಅಂಕಿಯನ್ನು ಸರಿಯಾಗಿ ಓದಿ: 220 ಮಿಲಿಗ್ರಾಂ ಜಿಂಕ್ ಸಲ್ಫೇಟ್‌ನಲ್ಲಿ ನಿಜವಾದ ಜಿಂಕ್ ಸುಮಾರು 50 ಮಿಲಿಗ್ರಾಂ ಮಾತ್ರ. ಅದೂ ಮೇಲ್ಮಿತಿ ದಾಟಿದ ಡೋಸ್. ಕೊಡಲೇಬೇಕಾದರೆ ಕಾರಣ ಬರೆಯಿರಿ, ಅವಧಿ ಕೆಲವು ವಾರಕ್ಕೆ ಸೀಮಿತವಾಗಿರಲಿ.

ಯಾಕೆಂದರೆ ಜಿಂಕ್ ಅತಿಯಾದರೆ ಕರುಳಿನ ಕೋಶಗಳಲ್ಲಿ ಮೆಟಲೋಥಯೋನಿನ್ ಹೆಚ್ಚಾಗುತ್ತದೆ. ಅದು ತಾಮ್ರವನ್ನು ಹಿಡಿದಿಟ್ಟುಕೊಂಡು ಮಲದೊಂದಿಗೆ ಹೊರಹಾಕುತ್ತದೆ. ತಾಮ್ರ ಇಳಿದರೆ ಅನೀಮಿಯಾ ಬರುತ್ತದೆ, ಬಿಳಿ ರಕ್ತಕಣ ಕುಗ್ಗುತ್ತದೆ, ಬೆನ್ನುಹುರಿ ಕೆಟ್ಟು ನಡಿಗೆ ತೂರಾಡುತ್ತದೆ. ಬಿದ್ದವರನ್ನು ವಾಸಿಮಾಡಲು ಕೊಟ್ಟ ಮಾತ್ರೆಯೇ ಮತ್ತೆ ಬೀಳಿಸುತ್ತದೆ.

ಟೈಮ್‌ಟೇಬಲ್ ಕೂಡ ಬರೆದುಕೊಡಿ. ಕ್ಯಾಲ್ಸಿಯಮ್, ಕಬ್ಬಿಣ, ಜಿಂಕ್ ಮೂರನ್ನೂ ಒಟ್ಟಿಗೆ ನುಂಗಿಸಬೇಡಿ, ಒಂದು ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ. ಥೈರಾಕ್ಸಿನ್, ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಿಂದ ಕೆಲವು ಗಂಟೆ ದೂರವಿಡಿ. ಟೀ-ಕಾಫಿಯನ್ನು ಕಬ್ಬಿಣದ ಮಾತ್ರೆಯ ಹೊತ್ತಿಗೆ ಕೊಡಬೇಡಿ. ಕೊರತೆ ಇಲ್ಲದವರಿಗೆ ಖನಿಜ ಸುರಿದರೆ ಮೂಳೆ ಬೇಗ ಕೂಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಕೊರತೆ ತುಂಬಿ, ಅಲ್ಲಿಗೆ ನಿಲ್ಲಿಸಿ.

11. ಚಮಚ ಹಿಡಿಯುವವರು ಯಾರೆಂದು ನಿರ್ಧರಿಸಿ, ಮರುದಿನವೇ ಎಬ್ಬಿಸಿ ನಿಲ್ಲಿಸಿ

"ಹೈ ಪ್ರೋಟೀನ್ ಡಯಟ್" ಎಂದು ಬರೆದರೆ ಊಟ ಹೊಟ್ಟೆಗೆ ಹೋಗುವುದಿಲ್ಲ. ಯಾರು ತಿನ್ನಿಸುತ್ತಾರೆ, ಎಷ್ಟು ಹೊತ್ತಿಗೆ, ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಬರೆಯಿರಿ. ವೇಲ್ಸ್‌ನ ಕಾರ್ಡಿಫ್‌ನಲ್ಲಿ 302 ಹಿಪ್ ಫ್ರ್ಯಾಕ್ಚರ್ ಮಹಿಳೆಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ಮಾಡಿಸಲೆಂದೇ ಸಹಾಯಕರಿದ್ದ ಗುಂಪಿನಲ್ಲಿ ವಾರ್ಡಿನ ಸಾವು ಶೇ. 4.1 ಇತ್ತು. ಉಳಿದವರಲ್ಲಿ ಶೇ. 10.1. ಜಿನೀವಾದಲ್ಲಿ 59 ರೋಗಿಗಳ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೂ ದಿನಕ್ಕೊಂದು ಪೂರಕ ಪಾನೀಯದಿಂದ ತೊಡಕು ಕಡಿಮೆಯಾಗುವುದನ್ನು ತೋರಿಸಿತ್ತು.

ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಗುರಿ ಇಡಿ. ಕಿಡ್ನಿ ತೊಂದರೆ ಇದ್ದರೆ ಫಿಸಿಷಿಯನ್‌ರನ್ನು ಕೇಳಿ. ಮನೆಯ ಊಟದಲ್ಲೇ ದಾರಿ ಇದೆ. ರಾಗಿಯಲ್ಲಿ ಕ್ಯಾಲ್ಸಿಯಮ್ ಧಾರಾಳ, ಆದರೆ ಫೈಟೇಟ್ ಜಿಂಕನ್ನು ಹಿಡಿದಿಡುತ್ತದೆ. ನೆನೆಸಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ ಕೊಡಿಸಿ, ಫೈಟೇಟ್ ಇಳಿಯುತ್ತದೆ. ಹುದುಗಿದ ಇಡ್ಲಿ, ದೋಸೆಯಲ್ಲೂ ಅದೇ ಲಾಭ. ಮೊಟ್ಟೆ, ಮೀನು, ಕೈಮಾ, ಮೊಸರು, ಎಳ್ಳು, ಹುಚ್ಚೆಳ್ಳಿನ ಚಟ್ನಿಪುಡಿ, ಮೆತ್ತಗೆ ಬೆಂದ ಕಾಳು ಸೇರಿಸಿ. ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಸೇರುತ್ತದೆ. ಆಪರೇಷನ್ ಮುಂದೆ ಹೋಯಿತೆಂದು ಗೊತ್ತಾದ ಕೂಡಲೇ ಉಪವಾಸ ಮುರಿಸಿ.

ಆಪರೇಷನ್ನಿನ ಮರುದಿನ ವಾಕರ್ ಕೈಗೆ ಕೊಡಿ. ಭಾರ ಊರಲು ಬಿಡಿ. "ಪಾಪ, ರೆಸ್ಟ್ ತಗೊಳ್ಳಲಿ" ಎನ್ನುವ ಮಗನಿಗೆ ಹೇಳಿ: "ಅಮ್ಮ ಮಲಗಿದಷ್ಟೂ ಸ್ನಾಯು ಕರಗುತ್ತೆ ಸರ್. ನಿಂತರೇನೇ ಊಟ ಸೇರೋದು." ತಿಂದ ಪ್ರೋಟೀನ್ ಸ್ನಾಯುವಾಗಲು ಆ ಸ್ನಾಯುವಿಗೆ ಕೆಲಸ ಬೇಕು. ಊಟದ ಚಾರ್ಟ್ ಮತ್ತು ನಡಿಗೆಯ ಚಾರ್ಟ್ ಒಂದೇ ಹಾಳೆಯಲ್ಲಿರಲಿ.

12. ಎರಡನೇ ಮುರಿತ ತಡೆಯಿರಿ, ಲೆಕ್ಕ ಇಡಿ, ಅನುಮಾನ ಬಿಡಿ

ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂಳೆಯ ಔಷಧಿ ಇಲ್ಲದಿದ್ದರೆ ಚಿಕಿತ್ಸೆ ಅರ್ಧವಾದಂತೆ. 2007ರ ಹೊರೈಜನ್ ಅಧ್ಯಯನದಲ್ಲಿ ಹಿಪ್ ಆಪರೇಷನ್ ಆದ 2,127 ಜನರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ ಕೊಟ್ಟರು. ಡ್ರಿಪ್ ಪಡೆದವರಲ್ಲಿ ಹೊಸ ಮುರಿತ ಶೇ. 35, ಸಾವು ಶೇ. 28 ಕಡಿಮೆಯಾಯಿತು. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕೊಡಿ. ಅದಕ್ಕೂ ಮೊದಲು ವಿಟಮಿನ್ ಡಿ, ಕ್ಯಾಲ್ಸಿಯಮ್, ಮೆಗ್ನೀಷಿಯಮ್ ಸರಿಮಾಡಿ, ಕಿಡ್ನಿ ನೋಡಿ. ಖಾಲಿ ದೇಹಕ್ಕೆ ಈ ಡ್ರಿಪ್ ಹಾಕಿದರೆ ಕ್ಯಾಲ್ಸಿಯಮ್ ಕುಸಿಯುತ್ತದೆ. ನಿದ್ದೆ ಮಾತ್ರೆ, ಕಣ್ಣಿನ ಪೊರೆ, ಜಾರುವ ಬಚ್ಚಲು, ಹಿಡಿಕೆ ಇಲ್ಲದ ಕಕ್ಕಸು ಈ ನಾಲ್ಕನ್ನೂ ಮನೆಯವರ ಜೊತೆ ಒಂದೊಂದಾಗಿ ಪರಿಶೀಲಿಸಿ.

ಪ್ರತಿ ರೋಗಿಗೂ ಒಂದು ರಿಜಿಸ್ಟರ್ ಸಾಲು ಇಡಿ: ಆಪರೇಷನ್‌ಗೆ ಹಿಡಿದ ಗಂಟೆ, ನಿಂತ ದಿನ, ತೂಕ, ಜಿಂಕ್ ಮತ್ತು ಸಿಆರ್‌ಪಿ, 30ನೇ ದಿನದ ಸ್ಥಿತಿ. ಬ್ರಿಟನ್ 2007ರಲ್ಲಿ ಇಂಥ ರಾಷ್ಟ್ರೀಯ ದಾಖಲೆ ಆರಂಭಿಸಿತು. ಇಂಗ್ಲೆಂಡಿನಲ್ಲಿ 30 ದಿನದೊಳಗಿನ ಸಾವು 2011ರ ಹೊತ್ತಿಗೆ ಶೇ. 10.9ರಿಂದ 8.5ಕ್ಕೆ ಇಳಿಯಿತು. ಅಳೆದವರು ಸುಧಾರಿಸುತ್ತಾರೆ.

"ಇಷ್ಟು ಸಣ್ಣ ಖನಿಜದಿಂದ ಏನಾಗುತ್ತೆ ಬಿಡಿ" ಎಂಬ ಮಾತು ವಾರ್ಡಿನಲ್ಲಿ ಕೇಳಿಬರುತ್ತದೆ. ಅದೊಂದು ಅಭ್ಯಾಸ, ಬಿಡಿಸಿಕೊಳ್ಳಿ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಬೆಳವಣಿಗೆ ನಿಂತುಹೋದ ಯುವಕರನ್ನು ನೋಡಿದಾಗ, ಮನುಷ್ಯರಲ್ಲಿ ಜಿಂಕ್ ಕೊರತೆ ಇರಬಹುದೆಂದು ಹೆಚ್ಚಿನವರು ಒಪ್ಪುತ್ತಿರಲಿಲ್ಲ. ಅವರು ವಾದಕ್ಕೆ ಕೂರಲಿಲ್ಲ. ಅಳೆದರು, ಕೊಟ್ಟು ನೋಡಿದರು, ಬರೆದರು. 1974ರಲ್ಲಿ ಅಮೆರಿಕದ ದೈನಂದಿನ ಪೋಷಕಾಂಶಗಳ ಪಟ್ಟಿಗೆ ಜಿಂಕ್ ಸೇರಿತು. ನೀವೂ ಅದೇ ದಾರಿ ಹಿಡಿಯಿರಿ. ಇವತ್ತಿನ ರೌಂಡ್ಸ್‌ನಲ್ಲಿ ಒಬ್ಬ ಹಿಪ್ ರೋಗಿಯನ್ನು ಆರಿಸಿ, ಈ ಹನ್ನೆರಡನ್ನೂ ಟಿಕ್ ಮಾಡಿ, ಬಿಟ್ಟುಹೋದದ್ದನ್ನು ಸಂಜೆಯೊಳಗೆ ಮುಗಿಸಿ.